ಇನಾಸ ಇಗರ್ಜಿಗೆ ಬಂದದ್ದೂ ಬಾರದ್ದೂ

ಸರ್ಕಾರಿ ನೌಕರನಿಗೆ ವಯಸ್ಸಾಗಿ ನಿವೃತ್ತಿ ಬರುತ್ತದೆ. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನಿಗೆ ಹಲ್ಲು ಬಿದ್ದು ನಿವೃತ್ತಿ ಬರುತ್ತದೆ. ನನ್ನ ಎದುರಿನ ಮೇಲ್ಹಲ್ಲು ಹೋದದ್ದು ಬೈಂದೂರಿನ ಒಂದು ಮದುವೆ ಮನೆಯಲ್ಲಿ, ಚಕ್ಕುಲಿ ಕಡಿಯುವಾಗ. ಊಟ ಮುಗಿಸಿ ಟ್ರಂಪೆಟ್ ಬಾಯಿಗಿಟ್ಟು ಊದಿದೆ. ಸ್ವರದ ಬದಲು ಪುಸ್ಸಂತ ಗಾಳಿ ಬಂತು. ಪಕ್ಕದಲ್ಲಿದ್ದ ಕ್ಲಾರಿಯೋನೆಟ್ ಗಣಪ ನನ್ನ ಮುಖ ನೋಡಿ, "ಮಾಸ್ಟ್ರೆ, ಪಂಚರ್ ಆಯ್ತಾ?" ಅಂತ ಕೇಳಿದ. ಮದುವೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಕ್ಕಾಗಲೇ ಇನ್ನೊಂದು ಹಲ್ಲು ಅಲ್ಲಾಡುವುದು ಗೊತ್ತಾಯಿತು.

ಕಟ್ಟಿಸಿದ ಹಲ್ಲು ಹಾಕಿಕೊಂಡು ಒಂದು ಸಲ ಪ್ರಯತ್ನ ಮಾಡಿದ್ದುಂಟು. ಮೇಲಿನ ಷಡ್ಜ ಹಿಡಿಯುವ ಹೊತ್ತಿಗೆ ಸೆಟ್ಟು ಕಳಚಿ ನಾಲಿಗೆ ಮೇಲೆ ಕೂತಿತು. ಅಲ್ಲಿಗೆ ನನ್ನ ವೃತ್ತಿಜೀವನ ಮುಗಿಯಿತು. ಸನ್ಮಾನ ಇಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಬ್ಯಾಂಡಿನವನ ಸನ್ಮಾನಕ್ಕೆ ಬ್ಯಾಂಡು ಬಾರಿಸುವವರು ಯಾರು ಹೇಳಿ?

ನಮ್ಮ ಹೆಮ್ಮಾಡಿಯ ಬ್ಯಾಂಡಿಗೆ ಈಚೆಗೆ ಹೊಸಬರು ಸೇರಿದ್ದಾರೆ, ಅವರಲ್ಲಿ ಹುಡುಗಿಯರೂ ಇದ್ದಾರೆ. ಭಾರೀ ಸಂತೋಷ. ಅವರಿಗೆ ಮೊಬೈಲಿನಲ್ಲಿ ಸ್ವರಲಿಪಿ ಬರುತ್ತದೆ, ಶ್ರುತಿ ನೋಡಲು ಯಂತ್ರ ಇದೆ. ನಮಗೆ ಇದ್ದದ್ದು ದೊಡ್ಡ ಮಾಸ್ಟ್ರು ಮಾತ್ರ. ಅವರು ನಾಲಿಗೆ ತುದಿಯಲ್ಲಿ ಅಕ್ಕಿಕಾಳು ಇಟ್ಟು "ತೂ ಅಂತ ಉಗಿ" ಅನ್ನುತ್ತಿದ್ದರು. ಕಾಳು ಎದುರಿನ ಗೋಡೆಗೆ ತಾಗಿದರೆ ಮಾತ್ರ ಟ್ರಂಪೆಟ್ ಕೈಗೆ. ನಾನು ಉಗಿದ ಅಕ್ಕಿಯಿಂದ ಅವರ ಕೋಳಿಗಳು ಒಂದು ಮಳೆಗಾಲ ಪೂರ್ತಿ ಹೊಟ್ಟೆ ತುಂಬಿಸಿಕೊಂಡವು. ಕಲಿತದ್ದಂತೂ ನಿಜ. ಮಕ್ಕಳೇ, ನಿಮಗೆ ನಾನು ಸ್ವರ ಹೇಳಿಕೊಡುವುದಿಲ್ಲ, ಅದನ್ನು ಮೊಬೈಲು ಹೇಳುತ್ತದೆ. ಮೊಬೈಲು ಹೇಳದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ನಾವು ಹೆಚ್ಚಾಗಿ ದೇವಸ್ಥಾನಕ್ಕೆ ಊದುವ ಮನೆತನದವರು. ಆದರೆ ಅನ್ನ ಹಾಕಿದ್ದರಲ್ಲಿ ಅರ್ಧ ಪಾಲು ಕ್ರಿಶ್ಚಿಯನ್ನರದ್ದು. ಕುಂದಾಪುರದಿಂದ ಬ್ರಹ್ಮಾವರದವರೆಗೆ ನಾವು ಊದದ ಇಗರ್ಜಿ, ಅಂದರೆ ಚರ್ಚು, ಇಲ್ಲ. ಮದುವೆ, ಹಬ್ಬದ ಮೆರವಣಿಗೆ, ಮರಣ, ಎಲ್ಲದಕ್ಕೂ ಬ್ಯಾಂಡು ಬೇಕು. ಮೊದಲ ಪಾಠ ಅಂದರೆ ಮದುವೆ ಯಾವುದು, ಮರಣ ಯಾವುದು ಎಂಬ ಎಚ್ಚರ ಇರಬೇಕು. ನಗಬೇಡಿ. ಒಂದೇ ದಿನ ಬೆಳಿಗ್ಗೆ ಮರಣ, ಮಧ್ಯಾಹ್ನ ಮದುವೆ ಇದ್ದಾಗ ಗೊತ್ತಾಗುತ್ತದೆ.

ಟ್ರಂಪೆಟ್ ಹಿಡಿದವನಿಗೆ ಎರಡೂ ಕೈ ಖಾಲಿ ಇರುವುದಿಲ್ಲ. ಆದ್ದರಿಂದ ಪದ ಬದಲಿಸುವ ಸನ್ನೆಯನ್ನು ಮೊಣಕೈಯಿಂದ ಮಾಡುವುದು ನಮ್ಮ ಕ್ರಮ. ಬಲ ಮೊಣಕೈ ಎತ್ತಿದರೆ ಬೈಲಾ, ಅಂದರೆ ಕುಣಿಯುವ ಪದ. ಒಂದು ಸಲ ತಲ್ಲೂರಿನ ಕಡೆ ಒಬ್ಬ ಹಿರಿಯರ ಶವಯಾತ್ರೆ. ನಿಧಾನದ ಶೋಕದ ಪದ ಊದುತ್ತಾ ಸ್ಮಶಾನದ ಗೇಟು ದಾಟುವಾಗ ಒಂದು ಕೆಂಜಿರುವೆ ನನ್ನ ಕಂಕುಳಿಗೆ ಹೊಕ್ಕಿತು. ಮೊಣಕೈ ತಾನಾಗಿ ಮೇಲೆ ಹೋಯಿತು. ಹಿಂದಿದ್ದವರು ಒಂದು ಕ್ಷಣವೂ ಯೋಚಿಸದೆ ಬೈಲಾ ಶುರು ಮಾಡಿದರು! ಶವಪೆಟ್ಟಿಗೆ ಹೊತ್ತವರ ಕಾಲು ಸಹ ಒಂದೆರಡು ಹೆಜ್ಜೆ ಕುಣಿದದ್ದನ್ನು ನಾನು ಕಣ್ಣಾರೆ ಕಂಡೆ. ಪಾದ್ರಿಗಳ ಮುಖ ಕೆಂಪಾಯಿತು. ನನ್ನ ಜೀವ ಬಾಯಿಗೆ ಬಂತು, ಆದರೆ ಬಾಯಲ್ಲಿ ಟ್ರಂಪೆಟ್ ಇತ್ತು.

ಅಂದು ನಮ್ಮ ಮಾನ ಉಳಿಸಿದವನು ದೊಡ್ಡ ಡ್ರಮ್ಮಿನ ಇನಾಸ. ಅವನು ಗಾಬರಿಯಾಗಲಿಲ್ಲ, ನಿಲ್ಲಿಸಲೂ ಇಲ್ಲ. ಪೆಟ್ಟು ನಿಧಾನ ಮಾಡಿದ. ಇನ್ನೂ ನಿಧಾನ ಮಾಡಿದ. ನಾವು ಅವನ ಪೆಟ್ಟಿಗೆ ಕಟ್ಟುಬಿದ್ದವರು, ನಾವೂ ನಿಧಾನವಾದೆವು. ಬೈಲಾ ಎಳೆದೂ ಎಳೆದೂ ಕೊನೆಗೆ ಎಂತಹ ದುಃಖದ ಪದ ಆಯಿತೆಂದರೆ ಸತ್ತವರ ತಂಗಿ ಹೋ ಎಂದು ಅತ್ತುಬಿಟ್ಟಳು. ಆಮೇಲೆ ಮನೆಯವರು ಬಂದು "ಆ ಪದ ಲಾಯ್ಕಿತ್ತ್ ಮಾಸ್ಟ್ರೆ, ಯಾವ್ದ್ ಅದ್?" ಎಂದು ಕೇಳಿದಾಗ ನಾನು ಟ್ರಂಪೆಟ್ ಒರೆಸುತ್ತಾ ಆಚೆ ಹೋದೆ.

ಇಂಥ ಇನಾಸ ಒಂದು ದಿನ ಡ್ರಮ್ಮು ತಂದು ನನ್ನ ಜಗಲಿಯಲ್ಲಿಟ್ಟು, "ಇನ್ ನಾ ಬತ್ತಿಲ್ಲೆ ಮಾಸ್ಟ್ರೆ" ಅಂದ. ನಾನು ಹೇಳಹೊರಟದ್ದು ಇದನ್ನೇ.

ಇನಾಸನಿಗೆ ಹೆಮ್ಮಾಡಿಯಲ್ಲಿ ಸೋಡಾ ಅಂಗಡಿ. ಹೆಂಡತಿ ಕಾರ್ಮಿನ್ ಬಾಯಿ, ಒಬ್ಬಳೇ ಮಗಳು ಲವೀನಾ. ತಲೆಮಾರುಗಳಿಂದ ಕೆಥೋಲಿಕರು. ಇನಾಸ ಸೊಂಟನೋವಿನಿಂದ ಮೇಲೇಳಲಾಗದೆ ಮಲಗಿದ್ದಾಗ ಸಿದ್ದಾಪುರದ ಕಡೆಯ ಒಂದು ಪ್ರಾರ್ಥನಾ ಮಂದಿರದವರು ಮನೆಗೆ ಬಂದು ದಿನವೂ ಪ್ರಾರ್ಥನೆ ಮಾಡಿದರಂತೆ. ಸೊಂಟ ಸರಿಯಾಯಿತು. ಅವನು ಅವರೊಟ್ಟಿಗೆ ಹೋದ. ಹೊಳೆಯಲ್ಲಿ ಮುಳುಗಿ ಹೊಸದಾಗಿ ಸ್ನಾನದೀಕ್ಷೆ ತೆಗೆದುಕೊಂಡ. ಅಲ್ಲಿಂದ ಮೇಲೆ ಮೂರ್ತಿ ಇಲ್ಲ, ಮೇಣದ ಬತ್ತಿ ಇಲ್ಲ, ಪಿಕ್ಚರ್ ಪದ ಇಲ್ಲ, ಒಂದು ತೊಟ್ಟು ಕುಡಿತವೂ ಇಲ್ಲ. ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲವೆಂದು ದೇವರ ಮುಂದೆ ಮಾತು ಕೊಟ್ಟ.

ಕುಡಿತ ಬಿಟ್ಟದ್ದಕ್ಕೆ ಕಾರ್ಮಿನ್ ಬಾಯಿಗೂ ಸಂತೋಷವೇ. ಆದರೆ ಅಂಗಡಿಯಲ್ಲಿ ಫಜೀತಿ ಶುರುವಾಯಿತು. ಸಂಜೆ ಯಾರಾದರೂ ಸೋಡಾ ಕೇಳಿದರೆ ಇನಾಸ ಬಾಟ್ಲಿ ಕೈಯಲ್ಲಿ ಹಿಡಿದುಕೊಂಡೇ "ಎಂತಕ್ಕೆ ಬೆರ್ಸೂಕೆ?" ಎಂದು ವಿಚಾರಣೆ ಮಾಡುತ್ತಿದ್ದ. "ಲಿಂಬೆಗೆ" ಅಂದವರಿಗೆ ಕೊಡುತ್ತಿದ್ದ. ಹೀಗಾಗಿ ಹೆಮ್ಮಾಡಿಯ ಕುಡುಕರೆಲ್ಲ ಕಿಸೆಯಲ್ಲಿ ಒಂದೊಂದು ಲಿಂಬೆಹಣ್ಣು ಇಟ್ಟುಕೊಂಡು ತಿರುಗುವ ಹಾಗಾಯಿತು. ಒಬ್ಬನಂತೂ ಅದೇ ಒಣಗಿದ ಲಿಂಬೆಯನ್ನು ದಿನವೂ ತೋರಿಸಿ ಸೋಡಾ ಕೊಂಡೊಯ್ಯುತ್ತಿದ್ದ.

ಮನೆಯೊಳಗೆ ನಗುವ ಹಾಗಿರಲಿಲ್ಲ. ಚಾವಡಿಯ ಗೋಡೆಯಲ್ಲಿ ಕಾರ್ಮಿನ್ ಬಾಯಿಯ ದೇವರ ಪೀಠ, ಮಾತೆ ಮರಿಯಳ ಮೂರ್ತಿ. ಅದು ಮನೆಯಲ್ಲಿ ಇರಬಾರದು ಅಂತ ಇವನು. ಅದು ಹೋದರೆ ನಾನೂ ಹೋಗುತ್ತೇನೆ ಅಂತ ಅವಳು. ಸಂಜೆ ಏಳು ಗಂಟೆಗೆ ಅವಳು ಚಾವಡಿಯಲ್ಲಿ ಜಪಮಾಲೆ ಶುರು ಮಾಡಿದರೆ ಇವನು ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿ ಪ್ರಾರ್ಥನೆ ಶುರು ಮಾಡುತ್ತಿದ್ದ. ಅವಳು ಸ್ವರ ಏರಿಸಿದರೆ ಇವನೂ ಏರಿಸುತ್ತಿದ್ದ. ಪಕ್ಕದ ಮನೆಯ ನಮ್ಮವರೊಬ್ಬರು, "ದೇವ್ರಿಗ್ ಕಿಮಿ ಕೇಂತ್ ಅಂದೇಳಿ ಇವ್ರಿಗ್ ಯಾರಾರೂ ಹೇಳಿ ಮಾರಾಯ್ರೆ" ಅಂತ ಎರಡೂ ಕಿವಿ ಮುಚ್ಚಿಕೊಂಡು ನನ್ನ ಹತ್ತಿರ ಗೋಗರೆದರು.

ಅದೂ ಒಂದು ದಿನ ಬಿಗಡಾಯಿಸಿತು. ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆಯನ್ನು ಮನೆಗೆ ತಂದು, ಆ ಭತ್ತದ ಕಾಳನ್ನು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಅವರ ಸಂಪ್ರದಾಯ. ಒಟ್ಟಿಗೆ ಎಂಬುದೇ ಆ ಹಬ್ಬದ ಜೀವಾಳ. ಊರಲ್ಲಿಲ್ಲದವರಿಗೆ ಕಾಳನ್ನು ಅಂಚೆಯಲ್ಲಾದರೂ ಕಳಿಸುತ್ತಾರೆ. ಇನಾಸ ಮೊದಲೇ ಬೇಡ ಅಂದಿದ್ದ. ಕಾರ್ಮಿನ್ ಬಾಯಿ ಹೇಳದೆ ಅವನ ಪಾಯಸಕ್ಕೂ ಹಾಕಿದಳು. ಅವನು ಚಪ್ಪರಿಸಿ ಎರಡು ಬಟ್ಟಲು ಕುಡಿದ. ಅವಳಿಗೆ ಸಂತೋಷ ತಡೆಯಲಾಗದೆ, "ಹೊಸ್ತ್ ಉಂಡ್ರ್! ನಮ್ಮೊಟ್ಟಿಗೆ ಉಂಡ್ರ್!" ಅಂತ ಚಪ್ಪಾಳೆ ಹೊಡೆದಳು. ಇನಾಸ ಬಟ್ಟಲು ಅಲ್ಲೇ ಬಿಟ್ಟು ಎದ್ದ. ನನ್ನ ನಂಬಿಕೆಗೆ ಮೋಸ ಮಾಡಿದಳು ಅಂತ ಅವನ ಕೋಪ, ಮನೆ ಒಂದಾಗಲಿ ಅಂತ ಮಾಡಿದ್ದು ಮೋಸ ಹೇಗಾಯಿತು ಅಂತ ಅವಳ ಕೋಪ. ಇಬ್ಬರೂ ನನ್ನ ಜಗಲಿಗೆ ಬೇರೆ ಬೇರೆಯಾಗಿ ಬಂದು ಹೇಳಿ ಹೋದರು. ನನಗೆ ಇಬ್ಬರದ್ದೂ ಸರಿ ಕಂಡಿತು. ಬ್ಯಾಂಡಿನವನ ಹಣೆಬರಹವೇ ಅದು.

ಅಂದಿನಿಂದ ಗಂಡ ಹೆಂಡತಿ ನಡುವೆ ಮಾತಿಲ್ಲ. "ಲವೀನಾ, ನಿನ್ ಪಪ್ಪನತ್ರ ಗ್ಯಾಸ್ ಮುಗ್ದಿತ್ತ್ ಅಂದೇಳಿ ಹೇಳ್" ಅಂತ ಅವಳು. "ಲವೀನಾ, ನಿನ್ ಮಮ್ಮಿಯತ್ರ ಕೇಂತ್ ಅಂದೇಳಿ ಹೇಳ್" ಅಂತ ಇವನು. ಮೂವರೂ ಒಂದೇ ಕೋಣೆಯಲ್ಲಿ! ಕುಂದಾಪುರದ ಬ್ಯಾಂಕಿನಲ್ಲಿ ಕೆಲಸ ಮಾಡಿ ದಣಿದು ಬಂದ ಹುಡುಗಿಗೆ ಮನೆಯಲ್ಲಿ ಇದು ಎರಡನೇ ಪಾಳಿ.

ಅವಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಬ್ರಹ್ಮಾವರದವನು, ಒಳ್ಳೆಯ ಪೈಕಿ. ಮದುವೆ ಮೇ ತಿಂಗಳಲ್ಲಿ, ಊರಿನ ಇಗರ್ಜಿಯಲ್ಲಿ. ಕಾರ್ಮಿನ್ ಬಾಯಿ ಬಂದು ನಮ್ಮ ಬ್ಯಾಂಡು ಗೊತ್ತು ಮಾಡಿ ಹೋದಳು. ಇನಾಸ ಮದುವೆಗೆ ಅಡ್ಡ ಬರಲಿಲ್ಲ. ಆದರೆ ಮೆಟ್ಟಿಲು ಹತ್ತುವುದಿಲ್ಲ ಎಂಬ ಮಾತಿಗೆ ಅಂಟಿಕೊಂಡ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ ಅವನ ಮನೆಯಲ್ಲಿ ಆಗಲಿಲ್ಲ, ಇಗರ್ಜಿಯ ಹತ್ತಿರವೇ ಇರುವ ಲವೀನಾಳ ಸೋದರಮಾವನ ಮನೆಯಲ್ಲಿ ಇಟ್ಟುಕೊಂಡರು.

ರೋಸ್ ಅಂದರೆ ತೆಂಗಿನ ಹಾಲು. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ಹಿರಿಯರೆಲ್ಲ ಒಬ್ಬೊಬ್ಬರಾಗಿ ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ಹೆಂಗಸರು ಹಾಡುತ್ತಾರೆ, ನಾವು ಊದುತ್ತೇವೆ. ಹರಸುವ ನೆವದಲ್ಲಿ ಸೋದರತ್ತೆಯರು ಪಾತ್ರೆಗಟ್ಟಲೆ ಹಾಲು ತಲೆಮೇಲೆ ಸುರಿದು ಗಮ್ಮತ್ತು ಮಾಡುತ್ತಾರೆ. ಅಂದೂ ಗಮ್ಮತ್ತೇ. ಆದರೆ ಮದುಮಗಳು ತೊಟ್ಟಿಕ್ಕುವ ಹಾಲಿನ ನಡುವಿನಿಂದ ಗೇಟಿನ ಕಡೆಗೇ ನೋಡುತ್ತಿದ್ದಳು. ಅಪ್ಪ ಹಚ್ಚಬೇಕಾದ ಹೊತ್ತಿನಲ್ಲಿ ಸೋದರಮಾವ ಹಚ್ಚಿದ. ಹಾಡುತ್ತಿದ್ದ ಹೆಂಗಸರು ಅಪ್ಪನ ಹೆಸರಿನ ಸಾಲು ಬಂದಾಗ ಸುಮ್ಮನೆ ಗುನುಗಿ ದಾಟಿಸಿದರು. ನಾನು ಟ್ರಂಪೆಟ್ ಕೆಳಗಿಳಿಸಿದೆ.

ಶಾಸ್ತ್ರ ಮುಗಿದ ಮೇಲೆ ಲವೀನಾ ತಲೆಗೆ ಬೈರಾಸು ಸುತ್ತಿಕೊಂಡು ನಮ್ಮ ಹತ್ತಿರ ಬಂದಳು. ಚಿಕ್ಕವಳಿದ್ದಾಗ ಅಪ್ಪನ ಡ್ರಮ್ಮಿನ ಮೇಲೆ ಕೂತು ಬರುತ್ತಿದ್ದವಳು. ನಕ್ಕಳು, ಆಮೇಲೆ ತುಟಿ ಕಚ್ಚಿಕೊಂಡಳು.

"ಮಾಸ್ಟ್ರೆ, ಪಪ್ಪ ಒಳಗ್ ಬಪ್ಪುದ್ ಬ್ಯಾಡ. ಅವ್ರ್ ಕೊಟ್ಟ ಮಾತ್ ನಾ ಮುರ್ಸುದಿಲ್ಲೆ. ಆರೆ ನಾಳೆ ನಾ ಒಪ್ಪಿಗೆ ಹೇಳುದ್ ಅವ್ರ್ ಕಿಮಿಗ್ ಬೀಳ್ಕ್. ಅಷ್ಟ್ ಸಾಕ್ ನಂಗೆ."

"ಆಯ್ತ್ ಮಗಾ, ಕಾಂಬ" ಅಂದೆ. ಅಂದುಬಿಟ್ಟೆ! ಹೇಗೆ ಅಂತ ದೇವರಾಣೆ ಗೊತ್ತಿರಲಿಲ್ಲ.

ಅಲ್ಲಿಂದ ನೇರ ಸೋಡಾ ಅಂಗಡಿಗೆ ಹೋದೆ. ಇನಾಸ ಒಬ್ಬನೇ ಖಾಲಿ ಬಾಟ್ಲಿ ತೊಳೆಯುತ್ತಿದ್ದ. ತೊಳೆದದ್ದನ್ನೇ ತೊಳೆಯುತ್ತಿದ್ದ.

"ರೋಸ್ ಆಯ್ತಾ ಮಾಸ್ಟ್ರೆ?"

"ಆಯ್ತ್."

"ಹೆಣ್ಣ್ ಹ್ಯಾಂಗಿತ್ತ್?"

"ನೀ ಬಂದ್ ಕಾಂಬುಕಾಗ್ದಾ?" ಅಂತ ಗದರಿದೆ. ಅವನು ಬಾಟ್ಲಿ ಕೆಳಗಿಟ್ಟು ತಲೆ ತಗ್ಗಿಸಿದ. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಾನು ಇಗರ್ಜಿಗೆ ಹೋದವನು, ಆದರೆ ಯಾವತ್ತೂ ಒಳಗೆ ಹೋದವನಲ್ಲ. ಒಳಗೆ ಬಲಿಪೂಜೆಯ ಪ್ರಾರ್ಥನೆ ನಡೆಯುವಷ್ಟು ಹೊತ್ತು ಬ್ಯಾಂಡಿನವರು ಹೊರಗೆ ಬಾದಾಮಿ ಮರದ ನೆರಳಲ್ಲಿ ಕೂತಿರುತ್ತೇವೆ. ಅದು ನಮ್ಮ ಜಾಗ.

"ಇನಾಸ, ನೀ ಮೆಟ್ಲ್ ಹತ್ತುದಿಲ್ಲ ಅಂದೇಳಿ ಮಾತ್ ಕೊಟ್ಟದ್ದಲ್ದಾ? ಬಾದಾಮ್ ಮರಕ್ಕೆ ಮೆಟ್ಲಿತ್ತಾ?"

ಅವನು ನನ್ನನ್ನೇ ನೋಡಿದ.

"ಅಪ್ಪ ಅಂದೇಳಿ ಬರ್ಬೇಡ. ಡ್ರಮ್ಮಿಗ್ ಬಾ. ಸ್ಪೀಕರ್ ಮರದ ಮೇಲೇ ಇತ್ತ್. ಮಗ್ಳ್ ಮಾತ್ ಕೇಣ್ಲಕ್ಕ್."

ಅವನು ಇನ್ನೊಂದು ಬಾಟ್ಲಿ ತೊಳೆದಿಟ್ಟ. ಆಮೇಲೆ ಮೆಲ್ಲಗೆ, "ಪಿಚ್ಚರ್ ಪದಕ್ಕೆ ನಾ ಬಾರ್ಸುದಿಲ್ಲೆ" ಅಂದ. ಬಂದೇ ಬರುತ್ತಾನೆ ಅಂತ ನನಗೆ ಅಷ್ಟರಲ್ಲೇ ಗೊತ್ತಾಯಿತು! ಕುಣಿಯಬೇಕು ಅನ್ನಿಸಿತು. ಆದರೆ ಕಷ್ಟ ಅಲ್ಲಿಂದಲೇ ಶುರು. ಯಾವ ಪದ ಊದುವುದು? ನಾನು ಒಂದೊಂದಾಗಿ ಗುನುಗುತ್ತಾ ಹೋದೆ. "ಇದ್ ಪಿಚ್ಚರಿಂದ್" ಅಂದ. ಬಿಟ್ಟೆ. "ಇದ್ ಮಾತೆ ಮರಿಯಂದ್, ನಂಗ್ ಆಪುದಿಲ್ಲೆ." ಬಿಟ್ಟೆ. "ಇದ್ ಕುಡ್ಕಂಡ್ ಕುಣುದ್." ಅದನ್ನೂ ಬಿಟ್ಟೆ. ಅವನ ಮಂದಿರದ ಪದವೊಂದನ್ನು ಅವನು ಗುನುಗಿದ. ಅದನ್ನು ಊದಿದರೆ ಕಾರ್ಮಿನ್ ಬಾಯಿ ನನ್ನ ಟ್ರಂಪೆಟ್ಟನ್ನೇ ಬಗ್ಗಿಸಿ ಕೈಗೆ ಕೊಟ್ಟಾಳು. ಕೊನೆಗೆ ಎರಡೂ ಕಡೆಯವರು ಹಾಡುವ ಪದ ಸಿಕ್ಕಿದ್ದು ಒಂದೇ ಒಂದು, ಅದೂ ಕ್ರಿಸ್ಮಸ್ ಪದ.

"ಮೇ ತಿಂಗ್ಳಗಾ?" ಅಂದೆ.

"ಪದಕ್ಕೆ ತಿಂಗ್ಳ್ ಉಂಟಾ?" ಅಂದ ಇನಾಸ. ಅವನ ಮುಖದಲ್ಲಿ ಹಳೇ ಇನಾಸ ಇಣುಕಿದ.

ಮರುದಿನ ಬೆಳಿಗ್ಗೆ ಬಿಳಿ ಅಂಗಿ, ಕೆಂಪು ಟೊಪ್ಪಿ ಹಾಕಿಕೊಂಡು ಅವನು ಸೋದರಮಾವನ ಮನೆಯ ರಸ್ತೆಯಲ್ಲಿ ನಮ್ಮೊಟ್ಟಿಗೆ ನಿಂತ. ಹಳೇ ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಹಾಕಲಾಗದೆ ಡ್ರಮ್ಮಿನಿಂದಲೇ ಮುಚ್ಚಿಕೊಂಡ. ಕಾರ್ಮಿನ್ ಬಾಯಿ ಹೊರಗೆ ಬಂದಳು, ಎಲ್ಲರನ್ನೂ ನೋಡಿದಳು, ಅವನ ಮೇಲೆ ಕಣ್ಣು ನಿಂತಿತು. ತಿರುಗಿ ಒಳಗೆ ಹೋದಳು. ಒಳಗೆ ಯಾವುದೋ ಪಾತ್ರೆ ದಡಾರನೆ ಬಿದ್ದ ಸದ್ದು ಕೇಳಿತು.

ಬಿಳಿ ಗೌನಿನಲ್ಲಿ ಮದುಮಗಳು ಬಂದಳು. ಡ್ರಮ್ಮಿನ ಮೊದಲ ಪೆಟ್ಟು ಬಿದ್ದದ್ದೇ ಅವಳು ಗಕ್ಕನೆ ನಿಂತಳು. ತಲೆ ಎತ್ತಿ ನೋಡಲಿಲ್ಲ. ಆ ಪೆಟ್ಟು ಯಾರದ್ದೆಂದು ಅವಳಿಗೆ ನೋಡಿ ತಿಳಿಯಬೇಕೇ? ಮುಖ ಮಾತ್ರ ಬೆಳಗಿತು. ಆಮೇಲೆ ಹೆಜ್ಜೆ ಹಾಕಿದಳು ನೋಡಿ, ಪೆಟ್ಟಿಗೆ ಸರಿಯಾಗಿ.

ಮೇ ತಿಂಗಳ ಉರಿಬಿಸಿಲಿನಲ್ಲಿ ನಾವು ಕ್ರಿಸ್ಮಸ್ ಪದ ಊದುತ್ತಾ ಹೊರಟೆವು. ಮುಗಿದ ಕೂಡಲೇ ಮತ್ತೆ ಅದೇ. ಬಸ್ಸಿನ ಕಿಟಕಿಯಿಂದ ಒಬ್ಬ, "ಹ್ವಾಯ್, ಡಿಸೆಂಬರ್ ಬಂತಾ?" ಎಂದು ಕೂಗಿದ. ಮದುಮಗಳನ್ನು ಎದುರುಗೊಳ್ಳಲು ಬಂದ ಮದುಮಗನ ಸ್ನೇಹಿತರು, ಕುಣಿಯಲು ತಯಾರಾಗಿದ್ದವರು, ಏನು ಮಾಡುವುದೆಂದು ತಿಳಿಯದೆ ಕೊನೆಗೆ ಅದಕ್ಕೇ ಕುಣಿದರು. ಗಣಪ ಉಸಿರು ತೆಗೆಯುವ ನಡುವೆ, "ಮಾಸ್ಟ್ರೆ, ಕೇಕ್ ಕೊಡ್ತ್ರಾ ಹ್ಯಾಂಗೆ?" ಎಂದು ಕೇಳುತ್ತಿದ್ದ. ನಗುತ್ತಾ ಟ್ರಂಪೆಟ್ ಊದುವುದು ಎಷ್ಟು ಕಷ್ಟ ಅಂತ ಊದಿದವನಿಗೇ ಗೊತ್ತು.

ಇಗರ್ಜಿಯ ಅಂಗಳ ತಲುಪಿದೆವು. ಮೆಟ್ಟಿಲ ಹತ್ತಿರ ಲವೀನಾ ನಿಂತಳು. ಇನಾಸ ಮೆಟ್ಟಿಲಿನಿಂದ ಮಾರು ದೂರದಲ್ಲಿ ನಿಂತ. ಅವಳು ಅಲ್ಲಿಂದಲೇ ತಲೆ ಬಗ್ಗಿಸಿದಳು. ಅವನು ಡ್ರಮ್ಮಿನ ಕೋಲು ಹಿಡಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದ. ಅವಳು ಸೋದರಮಾವನ ಕೈ ಹಿಡಿದು ಒಳಗೆ ಹೋದಳು. ನಾವು ಮರದಡಿಗೆ ಹೋಗಿ ಕೂತೆವು. ಮರ ಇರುವುದು ಇಗರ್ಜಿಯ ಪಕ್ಕದ ಬಾಗಿಲಿನ ಎದುರಿಗೆ. ಗಣಪ ಮತ್ತು ಉಳಿದವರು ಎಂದಿನಂತೆ ಇಸ್ಪೀಟು ತೆಗೆದರು. ಇನಾಸ ಡ್ರಮ್ಮು ಇಳಿಸಲೇ ಇಲ್ಲ, ಸ್ಪೀಕರಿನ ಕೆಳಗೆ ಬಾಗಿಲಿಗೆ ಬೆನ್ನು ಹಾಕಿ ನಿಂತ. ಪದ ಬಂದಾಗ ಬಾಯಿ ಮುಚ್ಚಿಕೊಂಡೇ ಗುನುಗಿದ. ಪಾದ್ರಿಗಳ ಪ್ರವಚನ ಬಂದಾಗ, "ಲಾಯ್ಕ್ ಹೇಳ್ತ್ರ್" ಎಂದು ಒಪ್ಪಿಕೊಂಡ. 

ಪ್ರವಚನ ಮುಗಿಯಿತು. ಇನ್ನು ಒಪ್ಪಿಗೆ ಕೇಳುವುದು. ಪಾದ್ರಿಗಳು ಮದುಮಗನ ಹೆಸರು ಹೇಳಿ ಕೇಳಿದರು. ಅವನು "ವ್ಹಯ್ ಫಾದರ್" ಅಂದದ್ದು ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿತು. ವ್ಹಯ್ ಅಂದರೆ ಕೊಂಕಣಿಯಲ್ಲಿ ಹೌದು. ಆಮೇಲೆ "ಲವೀನಾ..." ಎಂದು ಶುರು ಮಾಡಿದರು, ಅಷ್ಟೇ, ಕರೆಂಟು ಹೋಯಿತು.

ಅಯ್ಯೋ ದೇವರೇ! ಸ್ಪೀಕರು ಸತ್ತಿತು. ಇಸ್ಪೀಟು ಎಲೆಗಳು ಗಣಪನ ಕೈಯಲ್ಲೇ ನಿಂತವು. ಇನಾಸ ಸ್ಪೀಕರಿನ ಕಡೆ ಮುಖ ಎತ್ತಿ ನಿಂತಿದ್ದವನು ನನ್ನ ಕಡೆ ತಿರುಗಿದ. ಆ ಮುಖ ನೋಡಲಾಗಲಿಲ್ಲ. "ಮಾಸ್ಟ್ರೆ, ಕೇಣ್ತಾ ಇಲ್ಲೆ" ಅಂದ. ಮೆಟ್ಟಿಲ ಕಡೆ ಎರಡು ಹೆಜ್ಜೆ ಹಾಕಿದ, ನಿಂತ, ಮತ್ತೆ ಹಿಂದೆ ಬಂದ. ಮಗಳ ಕಡೆಗೆ ಕಾಲು ಎಳೆಯುತ್ತಿದೆ, ದೇವರಿಗೆ ಕೊಟ್ಟ ಮಾತು ಹಿಡಿದಿದೆ. ಅವನ ಜಾಗದಲ್ಲಿ ನಾನಿದ್ದರೆ ನುಗ್ಗುತ್ತಿದ್ದೆ. ಆದರೆ ನಾನು ಇನಾಸನಲ್ಲ.

ಒಳಗೆ ಫ್ಯಾನು ನಿಂತದ್ದು ಕಂಡಾಗಲೇ ಹೊರಗೆ ಅಪ್ಪನಿಗೆ ಕೇಳುವುದಿಲ್ಲವೆಂದು ಲವೀನಾಳಿಗೆ ತಿಳಿದಿತ್ತಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು. ಪಾದ್ರಿಗಳು ಕೇಳಿ ಮುಗಿಸುವವರೆಗೆ ಸುಮ್ಮನಿದ್ದಳು. ಆಮೇಲೆ ಪಾದ್ರಿಗಳಿಗೆ, ಮದುಮಗನಿಗೆ, ಕ್ಯಾಮರಾದವರಿಗೆ, ಎಲ್ಲರಿಗೂ ಬೆನ್ನು ಹಾಕಿ ಪಕ್ಕದ ಬಾಗಿಲಿನ ಕಡೆ ತಿರುಗಿದಳು. ಗೌನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೆಮ್ಮಾಡಿಯ ಪೇಟೆಗೆಲ್ಲ ಕೇಳುವ ಹಾಗೆ ಕೂಗಿದಳು.

"ವ್ಹಯ್ ಪಪ್ಪಾ!"

ಇಡೀ ಇಗರ್ಜಿ ಒಮ್ಮೆಲೇ ನಕ್ಕಿತು. "ಕೇಂಡದ್ದ್ ನಾನ್ ಮಾರಾಯ್ತಿ" ಎಂದು ಪಾದ್ರಿಗಳು ಹೇಳಿದ್ದು ಮರದಡಿಗೂ ಕೇಳಿತು.

ಇಲ್ಲಿ ಇನಾಸನಿಗೆ ಉತ್ತರ ಕೊಡಬೇಕು. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಕೈ ಹೊರಟಿತು. ಡ್ರಮ್ಮಿನ ಮೇಲೆ ಢಂ! ಢಂ! ಅಂತ ಎರಡು ಪೆಟ್ಟು, ಚರ್ಮ ಹರಿಯುವಂಥ ಪೆಟ್ಟು.

ಮಕ್ಕಳೇ, ಈಗ ನಿಮಗೆ ನಮ್ಮ ವೃತ್ತಿಯ ಒಂದು ಕ್ರಮ ಹೇಳಬೇಕು. ದೊಡ್ಡ ಡ್ರಮ್ಮಿನ ಎರಡು ಪೆಟ್ಟು ಬಿದ್ದರೆ ಎಲ್ಲರೂ ಶುರು ಮಾಡಬೇಕು. ಏನು, ಎತ್ತ, ಯಾಕೆ ಅಂತ ಕೇಳುವ ಹಾಗಿಲ್ಲ. ದೊಡ್ಡ ಮಾಸ್ಟ್ರು ಇದನ್ನು ನಮಗೆ ಹೊಡೆದು ಕಲಿಸಿದ್ದರು. ಹಾಗಾಗಿ ಇಸ್ಪೀಟು ಎಲೆ ಗಾಳಿಗೆ ಹಾರಿತು, ಗಣಪನ ಕ್ಲಾರಿಯೋನೆಟ್ ಬಾಯಿಗೆ ಹೋಯಿತು, ನನ್ನ ಟ್ರಂಪೆಟ್ಟೂ ಹೋಯಿತು. ಮದುವೆಯ ಒಪ್ಪಿಗೆಯ ನಟ್ಟನಡುವೆ ಬ್ಯಾಂಡಿನವರೆಲ್ಲ ಸೇರಿ ಜೀವ ಬಿಟ್ಟು ಕ್ರಿಸ್ಮಸ್ ಪದ ಬಾರಿಸಿದೆವು! ಪಟಾಕಿಯವನು ಕೂತಲ್ಲಿಂದ ಧಡಕ್ಕನೆ ಎದ್ದು, ಮದುವೆ ಮುಗಿಯಿತೆಂದು ಮಾಲೆಗೆ ಬೆಂಕಿ ಕೊಟ್ಟ. ಹೊಗೆಯಲ್ಲಿ ನಮಗೆ ನಾವೇ ಕಾಣಲಿಲ್ಲ.

ಪಕ್ಕದ ಬಾಗಿಲಿಗೆ ಪಾದ್ರಿಗಳು ಓಡಿ ಬಂದರು. ಬೈಯುತ್ತಾರೆ ಅಂದುಕೊಂಡೆ. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಮಾಸ್ಟ್ರೆ, ಉಂಗ್ರ ಬಾಕಿ ಇತ್ತ್ ಮಾರಾಯ್ರೆ! ಒಂಚೂರ್ ತಡ್ಕಣಿ!" ಎಂದು ಹೇಳಿ ಒಳಗೆ ಹೋದರು.

ಅವರ ಹಿಂದೆಯೇ ಕಾರ್ಮಿನ್ ಬಾಯಿ ಬಾಗಿಲಿಗೆ ಬಂದು ನಿಂತಳು. ರೇಷ್ಮೆ ಸೀರೆ, ತಲೆತುಂಬ ಹೂವು, ಮುಖದ ತುಂಬ ಬೆವರು. ಈಗ ಸಿಡಿಯುತ್ತಾಳೆ ಎಂದು ನಾವೆಲ್ಲ ಉಸಿರು ಹಿಡಿದೆವು. ಬಾರಿಸುತ್ತಾ ಮರದಡಿಯಿಂದ ಮುಂದೆ ಬಂದಿದ್ದ ಇನಾಸ ಬಾಗಿಲಿನ ಹೊರಗೆ, ಮೆಟ್ಟಿಲಿನ ಕೆಳಗೆ, ಎದೆಗೆ ಡ್ರಮ್ಮು ಕಟ್ಟಿಕೊಂಡು ನಿಂತಿದ್ದ. ಎರಡೂ ಕೈಯಲ್ಲಿ ಕೋಲು. ಕಣ್ಣಿಂದ, ಮೂಗಿಂದ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇಲ್ಲ.

ಅವಳು ಒಂದು ಮೆಟ್ಟಿಲು ಇಳಿದಳು. ಬಗ್ಗಿ ಸೆರಗಿನಿಂದ ಅವನ ಮುಖ ಒರೆಸಿದಳು. ಮೆಲ್ಲಗೆ ಅಲ್ಲ, ಪಾತ್ರೆ ತಿಕ್ಕುವ ಹಾಗೆ.

"ಹೀಂಗೆ ನಿಂತ್ರೆ ಫೋಟೋದಗೆ ಹ್ಯಾಂಗ್ ಕಾಂತ್ರಿ?" ಅಂದಳು. ನೇರ ಅವನಿಗೇ. ಲವೀನಾಳ ಮೂಲಕ ಅಲ್ಲ.

ಒಳಗೆ ಪಾದ್ರಿಗಳು ಮತ್ತೆ ಶುರು ಮಾಡಿದ್ದರು. ಕರೆಂಟು ಇನ್ನೂ ಬಂದಿರಲಿಲ್ಲ. ಕಾರ್ಮಿನ್ ಬಾಯಿ ಮುಂದಿನ ಸಾಲಿನ ತನ್ನ ಕುರ್ಚಿಗೆ ಹೋಗಲಿಲ್ಲ. ಬಾಗಿಲಿನಲ್ಲೇ ನಿಂತಳು. ಇನಾಸ ಮೆಟ್ಟಿಲಿನ ಕೆಳಗೇ ಮತ್ತೆ ಇಗರ್ಜಿಗೆ ಬೆನ್ನು ಹಾಕಿ ರಸ್ತೆಯ ಕಡೆ ತಿರುಗಿ ನಿಂತ. ಅವಳು ಒಳಗಿನ ಪೀಠದ ಕಡೆ ಮುಖ ಮಾಡಿದ್ದಳು. ಹಾಗೆ ನಿಂತುಕೊಂಡು, ಒಳಗೆ ಕಂಡದ್ದನ್ನೆಲ್ಲ ಅವನಿಗೆ ಹೇಳತೊಡಗಿದಳು.

"ಈಗ ಉಂಗ್ರ ಮಂತ್ರಿಸ್ತಿದ್ರ್... ಈಗ ಅವ ಹಾಕ್ತಿದ್ದ... ಹೋತಿಲ್ಲೆ, ಬೆರ್ಳ್ ಬೀಗಿತ್ತ್... ಹಾಂ, ಹೋಯ್ತ್ ಹೋಯ್ತ್! ಈಗ ಇದ್ ಅವ್ನಿಗ್ ಹಾಕುದ್..."

ಇನಾಸ ರಸ್ತೆಯನ್ನೇ ನೋಡುತ್ತಾ ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದ. ಗಣಪ ನೆಲದ ಮೇಲಿದ್ದ ಇಸ್ಪೀಟು ಎಲೆ ಹೆಕ್ಕುವ ನೆವದಲ್ಲಿ ಮುಖ ಮರೆಸಿಕೊಂಡ. ನಾನು ಮರೆಸಿಕೊಳ್ಳಲೂ ಹೋಗಲಿಲ್ಲ, ಸುಮ್ಮನೆ ಅತ್ತೆ.

"ಹೆಣ್ಣ್ ಅಳ್ತಾ ಇತ್ತಾ?" ಎಂದು ಇನಾಸ ಕೇಳಿದ.

"ಅದ್ ಎಂತಕ್ಕೆ ಅಳುದ್?" ಅಂದಳು ಕಾರ್ಮಿನ್ ಬಾಯಿ. "ಅಳೂಕೆ ನಾವಿಬ್ರ್ ಇಲ್ಯಾ?"